ಹನ್ನೆರಡು ಲಕ್ಷದ ಗೆರೆ

ಫೋಟೊ ಬಂದದ್ದು ಮಂಗಳವಾರ. ಮೊದಲು ಸೋಮವಾರ ಎಂದು ಬರೆದಿದ್ದೆ. ಫೋನು ತೆಗೆದು ನೋಡಿದರೆ ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷ. ಮುಂದೆ ಓದುವವರು ಇಷ್ಟು ತಿಳಿದಿರಲಿ: ಫೋನು, ಬಸ್ ಟಿಕೆಟು, ಸಂಬಳದ ಚೀಟಿ ಹೇಳುವುದನ್ನು ನಂಬಬಹುದು. ಮಿಕ್ಕದ್ದನ್ನು ನಾನು ಹೇಳುತ್ತಿದ್ದೇನೆ, ಅಷ್ಟೆ.

ಸಿಂಧನೂರಿನ ಬಸ್ ನಿಲ್ದಾಣದ ಎದುರಿಗಿನ ಮಹಡಿಯಲ್ಲಿ ನನ್ನ ಕೋಣೆ. ಸಂಬಳದಾರರ ಆದಾಯ ತೆರಿಗೆಯ ರಿಟರ್ನ್ ಸಲ್ಲಿಸುವುದು ನನ್ನ ಕೆಲಸ. ಸೋಮವಾರ ಲಿಂಗಸುಗೂರಿಗೂ ಗುರುವಾರ ಮಸ್ಕಿಗೂ ಹೋಗಿ ಕೂರುತ್ತೇನೆ. ಬರುವವರಲ್ಲಿ ಹೆಚ್ಚಿನವರು ಶಿಕ್ಷಕರು. ಅದು ಜೂನ್ ತಿಂಗಳ ಕೊನೆ. ಹೊಸ ತೆರಿಗೆ ಹಂತಗಳು ಜಾರಿಗೆ ಬಂದು ಮೂರು ತಿಂಗಳಾಗಿತ್ತು. ಹನ್ನೆರಡು ಲಕ್ಷದವರೆಗೆ ತೆರಿಗೆ ಇಲ್ಲ ಎಂಬ ಒಂದೇ ಮಾತು ಎಲ್ಲರ ಬಾಯಲ್ಲಿತ್ತು. ಆ ಮಾತು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಫೋಟೊದಲ್ಲಿದ್ದದ್ದು ಒಂದು ಮದುವೆ ಪತ್ರಿಕೆಯ ಹಿಂಬದಿ. ಅದರ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ನನ್ನ ಅಕ್ಷರ. ನಾಲ್ಕರವರೆಗೆ ಇಲ್ಲ. ನಾಲ್ಕರಿಂದ ಎಂಟು, ಐದು ಪರ್ಸೆಂಟ್. ಎಂಟರಿಂದ ಹನ್ನೆರಡು, ಹತ್ತು. ಹನ್ನೆರಡರಿಂದ ಹದಿನಾರು, ಹದಿನೈದು. ಹನ್ನೆರಡು ಎಂಬಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲಿ ಸೊನ್ನೆ ಬರೆದಿದೆ. ಕೆಳಗೆ: 12,50,000ಕ್ಕೆ 15% = 1,87,500. ಎರಡು ಸಲ ಅಡಿಗೆರೆ.

ಫೋಟೊದ ಕೆಳಗೆ ಸಂದೇಶ: 'ಮೇಡಂ, ಶುಕ್ರವಾರ ಬಡ್ತಿ ಬ್ಯಾಡ ಅಂತ ಬರದು ಕೊಡಾಕತ್ತೀನಿ. ನಿಮ್ಮ ಲೆಕ್ಕದ ಪ್ರಕಾರ ನಂಗ ಒಂದು ಲಕ್ಷ ಎಂಬತ್ನಾಕು ಸಾವಿರ ಟ್ಯಾಕ್ಸ್ ಬೀಳ್ತೈತಿ. ಸರಿ ಐತಲ್ರಿ?'

ಕಳಿಸಿದವರು ಸಂತೆಕಲ್ಲೂರಿನ ಪ್ರೌಢಶಾಲೆಯ ಗಣಿತದ ಶಿಕ್ಷಕಿ, ಎಲ್ಲರ ಬಾಯಲ್ಲಿ ಅಕ್ಕೋರು. ಮೂರೂ ತಾಲ್ಲೂಕುಗಳಲ್ಲಿ ಅನುದಾನಿತ ಶಾಲೆ ನಡೆಸುವ ಒಂದು ಸಂಸ್ಥೆಯಲ್ಲಿ ಇಪ್ಪತ್ತೈದು ವರ್ಷ ಕಲಿಸಿದವರು. ಆ ಸಂಸ್ಥೆಯ ಮಸ್ಕಿ ಶಾಲೆಯಲ್ಲಿ ಮುಖ್ಯಗುರುವಿನ ಜಾಗ ಖಾಲಿಯಾಗಿತ್ತು. ಸೇವಾ ಹಿರಿತನದಲ್ಲಿ ಮೊದಲಿದ್ದವರು ಏಪ್ರಿಲ್‌ನಲ್ಲೇ ಒಲ್ಲೆ ಎಂದು ಬರೆದುಕೊಟ್ಟಿದ್ದರು. ಆಮೇಲಿನ ಸರದಿ ಇವರದು. ಹೂಂ ಅಥವಾ ಉಹೂಂ, ಶುಕ್ರವಾರ ಸಂಜೆ ಐದರೊಳಗೆ ಲಿಂಗಸುಗೂರಿನ ಸಂಸ್ಥೆಯ ಕಚೇರಿಗೆ ಮುಟ್ಟಬೇಕು. ಒಲ್ಲೆ ಎಂದವರನ್ನು ಮತ್ತೆ ಎರಡು ವರ್ಷ ಕೇಳುವ ಪದ್ಧತಿ ಅಲ್ಲಿಲ್ಲ. ಅಕ್ಕೋರಿಗೆ ನಿವೃತ್ತಿಗೆ ಉಳಿದದ್ದು ನಾಲ್ಕು ವರ್ಷ.

ಫೋನ್ ಮಾಡಿದೆ.

"ಅಕ್ಕೋರ, ಆ ಲೆಕ್ಕ ತಪ್ಪೈತಿ. ಏನೂ ಬರದು ಕೊಡಬ್ಯಾಡ್ರಿ."

"ನೀವ ಬರದದ್ದಲ್ರಿ ಅದು?"

"ಅಕ್ಷರ ನಂದ."

"ಅಕ್ಷರ ನಿಮ್ದು, ಲೆಕ್ಕ ಯಾರ್ದರಿ?" ಎಂದು ನಕ್ಕರು. ಆ ನಗೆಯಲ್ಲಿ ಸಂಶಯವಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿತ್ತೋ ಇಲ್ಲವೋ ಗೊತ್ತಿಲ್ಲ.

ಈ ಮದುವೆ ಪತ್ರಿಕೆಯ ವಿಷಯ ಹೇಳಬೇಕು. ನಮ್ಮ ಕಡೆ ಅಂಗಡಿಗಳಲ್ಲಿ, ನನ್ನಂಥವರ ಕೋಣೆಗಳಲ್ಲಿ, ಹಳೆಯ ಮದುವೆ ಪತ್ರಿಕೆಗಳ ಕಟ್ಟು ಇರುತ್ತದೆ. ಒಳಗೆ ದೇವರ ಚಿತ್ರ ಇರುವುದರಿಂದ ಯಾರೂ ಹರಿಯುವುದಿಲ್ಲ, ಕಸಕ್ಕೆ ಹಾಕುವುದಿಲ್ಲ. ಹಿಂಬದಿ ಖಾಲಿ, ಲೆಕ್ಕಕ್ಕೆ ಒದಗುತ್ತದೆ. ಲೆಕ್ಕ ಮುಗಿದ ಮೇಲೂ ಹರಿಯುವಂತಿಲ್ಲ. ಹೀಗಾಗಿ ಬೇರೆ ಊರುಗಳಲ್ಲಿ ಮುದ್ದೆಯಾಗಿ ಬುಟ್ಟಿ ಸೇರುವ ಲೆಕ್ಕ ನಮ್ಮಲ್ಲಿ ಕಪಾಟಿನಲ್ಲಿ, ದೇವರ ಜಗಲಿಯ ಹಿಂದೆ, ಪಾಸ್‌ಬುಕ್ಕಿನ ನಡುವೆ ವರ್ಷಗಟ್ಟಲೆ ಉಳಿಯುತ್ತದೆ. ಉಳಿದದ್ದಕ್ಕೆ ಬೆಲೆ ಬರುತ್ತದೆ. ನಾನು ಮಸ್ಕಿಯಲ್ಲಿ ಮಾರ್ಚ್ ತಿಂಗಳು ಎಂಟು ಹತ್ತು ಶಿಕ್ಷಕರ ನಡುವೆ ಕೂತು ಗೀಚಿದ ಕಾರ್ಡು ಹಾಗೆ ಉಳಿದು, ಫೋಟೊ ಆಗಿ, ಗುಂಪಿನಿಂದ ಗುಂಪಿಗೆ ಹೋಗಿತ್ತು.

ಆ ಕೊನೆಯ ಸಾಲನ್ನು ನಾನು ಯಾಕೆ ಬರೆದೆ?

ಒಂದು ನೆನಪು ಹೀಗಿದೆ: ಜನ ಹೀಗೆ ತಪ್ಪು ತಿಳಿಯುತ್ತಾರೆ ಎಂದು ತೋರಿಸಲು ಬರೆದೆ. ಇದು ತಪ್ಪು ಎಂದು ಬಾಯಲ್ಲಿ ಹೇಳಿ, ಸರಿಯಾದ ಲೆಕ್ಕವನ್ನು ಎರಡನೆಯ ಕಾರ್ಡಿನ ಮೇಲೆ ಮಾಡಿದೆ. ಫೋಟೊ ತೆಗೆದವರು ಮೊದಲನೆಯದನ್ನು ಮಾತ್ರ ತೆಗೆದರು. ಇನ್ನೊಂದು ನೆನಪು: ಸಿಂಧನೂರಿನ ಬಸ್ಸಿಗೆ ಹೊತ್ತಾಗಿತ್ತು, ಯಾರೋ ಹನ್ನೆರಡೂವರೆ ಆದ್ರ ಎಷ್ಟ್ರಿ ಎಂದರು, ಎದ್ದು ನಿಂತುಕೊಂಡೇ ಗೀಚಿದೆ. ಮೊದಲನೆಯ ನೆನಪಿನಲ್ಲಿ ನನ್ನ ಮಾತು, ಎದುರಿನವರ ತಲೆಯಾಡಿಸುವಿಕೆ, ಎರಡನೆಯ ಕಾರ್ಡಿನ ಬಣ್ಣ, ಎಲ್ಲ ಸ್ಪಷ್ಟವಾಗಿದೆ. ಅಷ್ಟು ಸ್ಪಷ್ಟವಾಗಿರುವುದೇ ಅದರ ತೊಂದರೆ.

ಮಧ್ಯಾಹ್ನ ಅಕ್ಕೋರ ಸಂಬಳದ ಚೀಟಿ ತರಿಸಿಕೊಂಡು ಲೆಕ್ಕಕ್ಕೆ ಕೂತೆ. ಬಡ್ತಿ ಇಲ್ಲದಿದ್ದರೆ ಈ ಸಾಲಿನ ಒಟ್ಟು ಸಂಬಳ ಹನ್ನೆರಡು ಲಕ್ಷ ಅರವತ್ತು ಸಾವಿರ. ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ ಎಪ್ಪತ್ತೈದು ಸಾವಿರ ಸುಮ್ಮನೆ ಕಳೆಯುತ್ತಾರೆ. ಉಳಿದದ್ದು ಹನ್ನೊಂದು ಲಕ್ಷ ಎಂಬತ್ತೈದು ಸಾವಿರ. ಹನ್ನೆರಡರ ಒಳಗೆ, ತೆರಿಗೆ ಇಲ್ಲ. ಬಡ್ತಿ ಪಡೆದರೆ ವರ್ಷಕ್ಕೆ ಸುಮಾರು ನಲವತ್ತೈದು ಸಾವಿರ ಏರುತ್ತದೆ. ಆಗ ಹನ್ನೆರಡು ಲಕ್ಷ ಮೂವತ್ತು ಸಾವಿರ. ಅಕ್ಕೋರು ಕಾರ್ಡಿನ ರೀತಿಯಲ್ಲಿ ಇಡೀ ಮೊತ್ತಕ್ಕೆ ಹದಿನೈದು ಪರ್ಸೆಂಟ್ ಹಾಕಿದ್ದರು. ನಲವತ್ತೈದು ಸಾವಿರ ಹೆಚ್ಚು ಪಡೆದು ಒಂದು ಲಕ್ಷ ಎಂಬತ್ನಾಲ್ಕು ಸಾವಿರ ಕಟ್ಟುವ ಬಡ್ತಿಯನ್ನು ಯಾರು ತಾನೇ ಒಪ್ಪುತ್ತಾರೆ?

ಬುಧವಾರ ಮಸ್ಕಿಗೆ ಬಸ್ಸು, ಅಲ್ಲಿಂದ ಸಂತೆಕಲ್ಲೂರಿಗೆ ಶೇರ್ ಆಟೊ. ಮೊದಲ ಮಳೆ ಬಿದ್ದು ಹೋಗಿತ್ತು. ಮುಗಿಲು ಮತ್ತೆ ಬಿಳಿಚಿಕೊಂಡಿತ್ತು. ಊಟದ ಬಿಡುವಿನಲ್ಲಿ ಅಕ್ಕೋರು ನನ್ನನ್ನು ಖಾಲಿ ತರಗತಿಗೆ ಕರೆದುಕೊಂಡು ಹೋದರು. ನನ್ನ ಲ್ಯಾಪ್‌ಟಾಪ್ ನೋಡಿ, "ಅದನ್ನ ಮುಚ್ರಿ. ಬೋರ್ಡಿನ ಮ್ಯಾಲೆ ತೋರಿಸ್ರಿ, ನಂಗ ಹಂಗ ತಿಳೀತೈತಿ" ಎಂದರು.

ಬೋರ್ಡಿನ ಮೇಲೆ ಮೆಟ್ಟಿಲು ಬರೆದೆ. ಮೊದಲ ನಾಲ್ಕು ಲಕ್ಷ, ಯಾರದಾದರೂ ಸರಿ, ಸೊನ್ನೆ. ಮುಂದಿನ ನಾಲ್ಕು ಲಕ್ಷಕ್ಕೆ ಐದು ಪರ್ಸೆಂಟ್, ಇಪ್ಪತ್ತು ಸಾವಿರ. ಅದರ ಮುಂದಿನ ನಾಲ್ಕಕ್ಕೆ ಹತ್ತು, ನಲವತ್ತು ಸಾವಿರ. ಹನ್ನೆರಡನ್ನು ದಾಟಿದ ಮೂವತ್ತು ಸಾವಿರಕ್ಕೆ ಮಾತ್ರ ಹದಿನೈದು, ನಾಲ್ಕೂವರೆ ಸಾವಿರ. ಒಟ್ಟು ಅರವತ್ನಾಲ್ಕು ಸಾವಿರದ ಐನೂರು.

"ಮ್ಯಾಲಿನ ಮೆಟ್ಟಿಲಕ್ಕ ಕಾಲಿಟ್ರ ಕೆಳಗಿನ ಮೆಟ್ಟಿಲದ ದರ ಬದಲಾಗಂಗಿಲ್ರಿ," ಎಂದೆ.

ಅವರು ಬೋರ್ಡನ್ನೇ ನೋಡುತ್ತಿದ್ದರು. "ನಮ್ಮಪ್ಪಂದು ಬಳಗಾನೂರಾಗ ಹೊಲ ಇತ್ರಿ. ಒಂದ್ ವರ್ಷ ಜ್ವಾಳದ ಹೊಲದ ಮೂಲ್ಯಾಗ ಒಂದೀಟು ಭತ್ತ ನಟ್ಟಿದ್ದ. ಕಾಲುವಿ ನೀರಿನ ಕರ ಬರಿಯೋ ಮುಂದ ಇಡೀ ಸರ್ವೆ ನಂಬರಿಗೆ ಭತ್ತದ ದುಬಾರಿ ದರ ಹಾಕಿದ್ರಂತ. ಸಾಯೋ ತನಕ ಅದನ್ನ ಹೇಳ್ತಿದ್ದ. ನಂಗ ಟ್ಯಾಕ್ಸ್ ಅಂದ್ರ ಅದ ತಲ್ಯಾಗ."

ಅವರ ಅಪ್ಪನ ಪ್ರಸಂಗ ನಿಜವೇ ಎಂದು ನಾನು ವಿಚಾರಿಸಲಿಲ್ಲ. ಆದರೆ ಕಾಲುವೆ ಕೆಳಗಿನ ಊರುಗಳಲ್ಲಿ ಇದನ್ನು ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ. ಒಂದು ಮೂಲೆ ಗೆರೆ ದಾಟಿದರೆ ಇಡೀ ಹೊಲ ದಾಟಿದಂತೆ. ಆ ಲೆಕ್ಕದಲ್ಲಿ ಬೆಳೆದವರಿಗೆ ನನ್ನ ಕಾರ್ಡಿನ ಕೊನೆಯ ಸಾಲು ತಪ್ಪಾಗಿ ಕಾಣಲು ಕಾರಣವೇ ಇರಲಿಲ್ಲ.

"ಮತ್ತ ಹನ್ನೆರಡರ ತನಕ ಸೊನ್ನಿ ಅಂತಾರಲ್ರಿ? ನಿಮ್ಮ ಮೆಟ್ಟಿಲ ಪ್ರಕಾರ ಅಲ್ಲಿಗೆ ಅರವತ್ತು ಸಾವಿರ ಆಗೇತಿ."

ಇದು ನಿಜವಾದ ಪ್ರಶ್ನೆ. ಮೆಟ್ಟಿಲಿನ ಲೆಕ್ಕದಲ್ಲಿ ತೆರಿಗೆ ಹುಟ್ಟುತ್ತದೆ. ಆದಾಯ ಹನ್ನೆರಡರ ಒಳಗಿದ್ದರೆ ಅದನ್ನು ರಿಯಾಯಿತಿ ಎಂದು ಪೂರ್ತಿ ಬಿಡುತ್ತಾರೆ. ಹನ್ನೆರಡು ದಾಟಿದರೆ ಆ ರಿಯಾಯಿತಿ ಇಲ್ಲ. ಒಂದು ರೂಪಾಯಿ ದಾಟಿದವನ ಮೇಲೆ ಅರವತ್ತು ಸಾವಿರ ಬೀಳಬಾರದೆಂದು ಇನ್ನೊಂದು ನಿಯಮ ಇಟ್ಟಿದ್ದಾರೆ: ಗೆರೆಯಿಂದ ಎಷ್ಟು ಮೇಲೆ ಹೋಗಿದ್ದೀರೋ ತೆರಿಗೆ ಅದಕ್ಕಿಂತ ಹೆಚ್ಚಾಗುವಂತಿಲ್ಲ. ಅಕ್ಕೋರು ದಾಟಿದ್ದು ಮೂವತ್ತು ಸಾವಿರ. ಹಾಗಾಗಿ ಅರವತ್ನಾಲ್ಕೂವರೆಯ ಬದಲು ಮೂವತ್ತು.

"ಅಂದ್ರ ನಿಮಗ ನಷ್ಟ ಇಲ್ರಿ. ನಲವತ್ತೈದರಾಗ ಹದಿನೈದು ಕೈಯಾಗ ಉಳೀತೈತಿ," ಎಂದು ಕೈಯ ಸುಣ್ಣ ಕೊಡವಿಕೊಂಡೆ.

ಅಕ್ಕೋರು ಎದ್ದು ಬಂದು ಸೀಮೆಸುಣ್ಣ ತೆಗೆದುಕೊಂಡರು. ಮೂವತ್ತು ಸಾವಿರದ ಕೆಳಗೆ ಸಾವಿರದ ಇನ್ನೂರು ಎಂದು ಬರೆದರು.

"ಮೇಡಂ, ಸೆಸ್ ಬಿಟ್ಟೀರಿ. ಚೀಟ್ಯಾಗ ವರ್ಷಾ ಟ್ಯಾಕ್ಸಿನ ಮ್ಯಾಲೆ ನಾಕು ಪರ್ಸೆಂಟ್ ಹಿಡಿತಾರ. ಮೂವತ್ತೊಂದು ಸಾವಿರದ ಇನ್ನೂರು ಆತು. ಗೆರಿ ಮ್ಯಾಲೆ ಮೂವತ್ತು ಗಳಿಸಿ ಮೂವತ್ತೊಂದು ಕೊಡೂದು. ಇದಕ್ಕ ನೀವು ನಷ್ಟ ಇಲ್ಲ ಅಂತೀರಿ?"

ಸೆಸ್ ಬಿಟ್ಟಿದ್ದೆ. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದವಳು ಮಕ್ಕಳ ಬೋರ್ಡಿನ ಮುಂದೆ ನಿಂತು ಸೆಸ್ ಬಿಟ್ಟಿದ್ದೆ. ಒಟ್ಟಾರೆ ಆಗಲೂ ಅವರ ಕೈಯಲ್ಲಿ ಹದಿಮೂರು ಸಾವಿರದ ಎಂಟುನೂರು ಉಳಿಯುತ್ತಿತ್ತು, ಅದನ್ನು ಹೇಳಿದೆ. ಮೂಲ ವೇತನ ಮೂರು ಸಾವಿರದಷ್ಟು ಏರುತ್ತದೆ, ಹಳೆಯ ಪಿಂಚಣಿ ಪದ್ಧತಿಯವರಾದ್ದರಿಂದ ಅದರ ಅರ್ಧ ಬದುಕಿರುವವರೆಗೂ ಪ್ರತಿ ತಿಂಗಳು ಬರುತ್ತದೆ ಎಂದೂ ಹೇಳಿದೆ. ಬರುವ ವರ್ಷದ ಇನ್‌ಕ್ರಿಮೆಂಟ್, ತುಟ್ಟಿಭತ್ಯೆ ಸೇರಿದರೆ ಬಡ್ತಿ ಇಲ್ಲದೆಯೂ ಈ ಗೆರೆ ದಾಟೇ ದಾಟುತ್ತೀರಿ ಎಂದೆ. ಎಲ್ಲ ನಿಜ. ಆದರೆ ಒಂದು ತಪ್ಪು ಸಿಕ್ಕಿಬಿದ್ದ ಮೇಲೆ ಹೇಳಿದ ನಿಜ.

ಗಂಟೆ ಹೊಡೆಯಿತು. "ಕಾರ್ಡಿನ್ಯಾಗ ಒಂದು ಬರದ್ರಿ, ಇವತ್ತು ಒಂದು, ಅದರಾಗ ಮತ್ತ ಸೆಸ್ ಇಲ್ಲ," ಎಂದು ಅಕ್ಕೋರು ಬೋರ್ಡು ಒರೆಸಿದರು. ಬೈಗುಳಕ್ಕಿಂತ ಕೆಟ್ಟದಾಗಿತ್ತು ಆ ದನಿ. ಉತ್ತರಪತ್ರಿಕೆಗೆ ಅಂಕ ಕೊಡುವಾಗಿನ ದನಿ. "ನಾ ವಿಚಾರ ಮಾಡ್ತೀನಿ ಬಿಡ್ರಿ."

ಗುರುವಾರ ಮಸ್ಕಿಯಲ್ಲಿ ನಾನು ಕೂರುವ ಕೋಣೆಗೆ ಅವರ ಗಂಡ ಬಂದರು. ಬೀಜ, ಗೊಬ್ಬರದ ಅಂಗಡಿಯವರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಿನ್ನೆ ಸಂಜಿಗೇ ಒಲ್ಲೆ ಅಂತ ಬರದು ಸಹಿ ಮಾಡಿ ಕೊಟ್ಟಾಳ್ರಿ. ಸಾಲಗುಂದದ ಮಾಸ್ತರ್ರ ಕೈಯಾಗ ಐತಿ. ಅವರು ನಾಳಿಗೆ ಲಿಂಗಸುಗೂರಿಗೆ ಹೊಂಟಾರ, ಅಲ್ಲೇ ಕೊಡ್ತಾರ."

"ಒಂದ್ ದಿನ ತಡೀಬೇಕಿತ್ತಲ್ರಿ?"

"ಮೂವತ್ತು ಗಳಿಸಿ ಮೂವತ್ತೊಂದು ಕೊಡೋ ಧಂದೆ ನಾ ಎಲ್ಲೂ ನೋಡಿಲ್ರಿ, ಮೇಡಂ. ನನ್ನ ಅಂಗಡ್ಯಾಗ ಹಂಗ ಮಾಡಿದ್ರ ಹುಚ್ಚ ಅಂತಾರ." ಆಮೇಲೆ ದನಿ ಇಳಿಸಿ, "ನಂದೇನಿಲ್ರಿ. ಆಕಿಗೆ ಹೆಡ್ ಆಗ್ಬೇಕಂತ ಆಸೆ ಭಾಳ ಐತಿ. ಲೆಕ್ಕ ನೋಡಿ ಸುಮ್ಮನಾಗ್ಯಾಳ. ಮಾಸ್ತರ್ರು ಸುಳ್ಳು ಹೇಳಂಗಿಲ್ಲ, ಅವರೂ ಅದ ಕಾರ್ಡು ನೋಡೇ ಬಡ್ತಿ ಬಿಟ್ಟಾರ ಅಂತಾಳ."

ಏಪ್ರಿಲ್‌ನಲ್ಲಿ ಒಲ್ಲೆ ಎಂದು ಬರೆದುಕೊಟ್ಟ ಹಿರಿಯರು ಯಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸಾಲಗುಂದದ ಮಾಸ್ತರರು ಅವರೇ. ಅದೇ ಮಸ್ಕಿ ಶಾಲೆಯಲ್ಲಿ ಸಮಾಜವಿಜ್ಞಾನ ಕಲಿಸುವವರು, ಮೂರೂ ತಾಲ್ಲೂಕಿನ ಶಿಕ್ಷಕರು ಕಾಗದಪತ್ರದ ವಿಷಯಕ್ಕೆ ಮೊದಲು ಕೇಳುವುದು ಅವರನ್ನು. ನಿವೃತ್ತಿಗೆ ಒಂದೇ ವರ್ಷ. ಅವರಿಗೆ ಮತ್ತೆ ಸರದಿ ಬರುವುದಿಲ್ಲ.

ಗಂಡ ಹೋದ ಮೇಲೆ ನಾನು ಮದುವೆ ಪತ್ರಿಕೆಗಳ ಕಟ್ಟು ಬಿಚ್ಚಿ ಎರಡನೆಯ ಕಾರ್ಡು ಹುಡುಕಿದೆ. ಸಿಗಲಿಲ್ಲ. ಸಿಗದಿದ್ದದ್ದರಿಂದ ಅದು ಇರಲಿಲ್ಲ ಎಂದಾಗುವುದಿಲ್ಲ, ಯಾರೋ ಒಯ್ದಿರಬಹುದು. ಅದೇ ಜಾಡಿನಲ್ಲಿ ಯೋಚನೆ ಓಡಿತು. ಸರಿಯಾದ ಲೆಕ್ಕ ನಾನು ಆಗಲೇ ಹೇಳಿದ್ದೆ, ನೀವು ಕೇಳಿಸಿಕೊಳ್ಳಲಿಲ್ಲ ಎಂದು ಹೇಳಬಹುದು. ಹಾಗೆ ಹೇಳಿದರೆ ಮಸ್ಕಿಯ ನಲವತ್ತು ಮಂದಿ ಗಿರಾಕಿಗಳು ಉಳಿಯುತ್ತಾರೆ. ಹಾಗೆ ಹೇಳಿದರೆ ಅಕ್ಕೋರು ನಂಬುವುದಿಲ್ಲ, ಏಕೆಂದರೆ ಬುಧವಾರ ಅವರು ನನ್ನ ತಪ್ಪನ್ನು ಕಣ್ಣಾರೆ ಕಂಡಿದ್ದಾರೆ. ಕಾರ್ಡು ತಪ್ಪು ಎಂದು ನಾನು ಷರತ್ತಿಲ್ಲದೆ ಒಪ್ಪದ ಹೊರತು ಕಾರ್ಡು ಸಾಯುವುದಿಲ್ಲ. ನನ್ನ ನೆನಪು ಎರಡರಲ್ಲಿ ಯಾವುದು ನಿಜ ಎಂಬುದು ಇಲ್ಲಿ ಯಾರಿಗೂ ಬೇಕಾಗಿರಲಿಲ್ಲ. ನನಗೆ ಮಾತ್ರ ಬೇಕಾಗಿತ್ತು. ಅದನ್ನು ಕೋಣೆಯಲ್ಲೇ ಬಿಟ್ಟು ಹೋಗುವುದೆಂದು ತೀರ್ಮಾನಿಸಿದೆ.

ಅಕ್ಕೋರಿಗೆ ಫೋನ್ ಮಾಡಿದೆ. "ನಾಳಿಗೆ ನಾನೂ ಲಿಂಗಸುಗೂರಿಗೆ ಬರಾಕತ್ತೀನಿ. ಮಾಸ್ತರ್ರ ಮುಂದ ಹೇಳ್ತೀನಿ, ಅವರ ಮುಂದ ಲೆಕ್ಕ ಮಾಡ್ತೀನಿ. ನೀವೂ ಬರ್ರಿ. ಕೇಳಿದ ಮ್ಯಾಲೂ ಬ್ಯಾಡ ಅನ್ನಿಸಿದ್ರ ಕೊಡ್ರಿ."

"ಅರ್ಧ ದಿನ ರಜಾ ಹಾಕ್ತೀನಿ," ಎಂದರು.

ಶುಕ್ರವಾರ ಬಸ್ಸು ಮಸ್ಕಿ ದಾಟಿದ ಮೇಲೆ ಮುಕ್ಕಾಲು ಗಂಟೆ ರಸ್ತೆ ಬದಿಗೆ ನಿಂತಿತು. ಟೈರು. ಕಚೇರಿ ಮುಟ್ಟಿದಾಗ ನಾಲ್ಕು ಗಂಟೆ ಐದು ನಿಮಿಷ. ವರಾಂಡದ ಬೆಂಚಿನ ಮೇಲೆ ಮಾಸ್ತರರು ಕೂತಿದ್ದರು, ತೊಡೆಯ ಮೇಲೆ ಚರ್ಮದ ಚೀಲ. ಪಕ್ಕದಲ್ಲಿ, ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಅಕ್ಕೋರು. ಒಳಗೆ ಗುಮಾಸ್ತರು ಬಂದ ಪತ್ರಗಳನ್ನು ಏರಿಸುವ ಆವಕ ಪುಸ್ತಕದ ಮುಂದೆ ಫ್ಯಾನಿನ ಕೆಳಗೆ ಕೂತಿದ್ದರು. ಪತ್ರ ಇನ್ನೂ ಚೀಲದಲ್ಲೇ ಇತ್ತು. ಅಕ್ಕೋರು ನನಗಾಗಿ ತಡೆದಿದ್ದರು.

"ಬರ್ರಿ ಮೇಡಂ. ನಿಮ್ಮ ಕಾರ್ಡ್ ನೋಡಿ ನಾವೆಲ್ಲ ಶಾಣ್ಯಾ ಆದ್ವಿ," ಎಂದರು ಮಾಸ್ತರರು. ಹಂಗಿಸುವ ದನಿ ಅಲ್ಲ, ಗೌರವದಿಂದಲೇ ಹೇಳಿದರು. ಅದನ್ನು ಕೇಳುವುದು ಇನ್ನೂ ಕಷ್ಟವಾಯಿತು.

ನಿಂತುಕೊಂಡೇ ಹೇಳಿದೆ. "ಮಾಸ್ತರ್ರ, ಆ ಕಾರ್ಡು ನಾ ಬರದದ್ದು. ಕಡೀ ಸಾಲು ತಪ್ಪೈತಿ. ತಪ್ಪು ನಂದು."

"ತಪ್ಪಿಲ್ರಿ."

"ಐತ್ರಿ."

"ಮೇಡಂ, ನಾ ಮೂವತ್ತು ವರ್ಷ ಚೀಟಿ ನೋಡೀನಿ. ವೃತ್ತಿ ತೆರಿಗೆ ನೋಡ್ರಿ. ತಿಂಗಳ ಸಂಬಳ ಇಪ್ಪತ್ನಾಕು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಇದ್ದವಂಗ ಸೊನ್ನಿ. ಇಪ್ಪತ್ತೈದಕ್ಕ ಮುಟ್ಟಿದ್ರ ಪೂರಾ ಇನ್ನೂರು. ದಾಟಿದ ಒಂದು ರೂಪಾಯಿಗಷ್ಟ ಹಿಡಿತಾರೇನ್ರಿ? ಇದೂ ಹಂಗ."

ಇದಕ್ಕೆ ನನ್ನ ಹತ್ತಿರ ಉತ್ತರ ಇತ್ತು, ಆದರೆ ಅವರು ಹೇಳಿದ್ದು ಸುಳ್ಳಲ್ಲ ಎಂದು ಮೊದಲು ಒಪ್ಪಬೇಕಾಯಿತು. ವೃತ್ತಿ ತೆರಿಗೆ ರಾಜ್ಯದ್ದು. ಅಲ್ಲಿ ಮೆಟ್ಟಿಲಿಲ್ಲ, ಒಂದೇ ಹೊಸ್ತಿಲು. ದಾಟಿದವರೆಲ್ಲರಿಗೂ ತಿಂಗಳಿಗೆ ಇನ್ನೂರು, ಫೆಬ್ರುವರಿಯಲ್ಲಿ ಮುನ್ನೂರು. ಇಪ್ಪತ್ತೈದು ಸಾವಿರದವರಿಗೂ ಅಷ್ಟೆ, ಲಕ್ಷದವರಿಗೂ ಅಷ್ಟೆ. ಆದಾಯ ತೆರಿಗೆ ಕೇಂದ್ರದ್ದು. ಅಲ್ಲಿ ಪ್ರತಿ ತುಂಡಿಗೂ ಅದರದೇ ದರ. ಎರಡೂ ಒಂದೇ ಸಂಬಳದ ಚೀಟಿಯಲ್ಲಿ, ಒಂದರ ಕೆಳಗೊಂದು, ಕಡಿತ ಎಂಬ ಒಂದೇ ತಲೆಬರಹದಡಿ ಬರುತ್ತವೆ. ತಿಂಗಳು ತಿಂಗಳು ಕಣ್ಣಿಗೆ ಬೀಳುವುದು ರಾಜ್ಯದ ಹೊಸ್ತಿಲು. ಕೇಂದ್ರದ ಮೆಟ್ಟಿಲು ಯಾರಿಗೂ ಕಾಣುವುದಿಲ್ಲ, ಒಟ್ಟು ಮೊತ್ತ ಮಾತ್ರ ಕಾಣುತ್ತದೆ.

"ನಿಮ್ಮ ಮಾತು ವೃತ್ತಿ ತೆರಿಗಿಗೆ ಖರೇರಿ. ಇದಕ್ಕ ಅಲ್ಲ," ಎಂದು ಅಕ್ಕೋರ ಲೆಕ್ಕವನ್ನು ಹಾಳೆಯ ಮೇಲೆ ಮೊದಲಿನಿಂದ ಬರೆದೆ. ಈ ಸಲ ಸೆಸ್ ಬಿಡಲಿಲ್ಲ. ಗೆರೆಯ ಮೇಲಿನ ಮೂವತ್ತು ಸಾವಿರ ಪೂರ್ತಿ ಹೋಗಿ ಮೇಲೆ ಸಾವಿರದ ಇನ್ನೂರು ಹೋಗುವುದನ್ನೂ ಮುಚ್ಚಲಿಲ್ಲ. ಒಟ್ಟು ಏರಿಕೆ ನಲವತ್ತೈದು, ಹೋಗುವುದು ಮೂವತ್ತೊಂದು ಸಾವಿರದ ಇನ್ನೂರು, ಉಳಿಯುವುದು ಹದಿಮೂರು ಸಾವಿರದ ಎಂಟುನೂರು. ಆಮೇಲೆ ಪಿಂಚಣಿ. ಕೆಳಗೆ ನನ್ನ ಹೆಸರು ಬರೆದು ಸಹಿ ಹಾಕಿದೆ.

ಮಾಸ್ತರರು ಹಾಳೆ ಮುಟ್ಟಲಿಲ್ಲ. "ಹಂಗಾರ ಕಾರ್ಡಿನ್ಯಾಗ ಯಾಕ ಬರದ್ರಿ?"

ಮೊದಲನೆಯ ನೆನಪು ಬಾಯಿಯ ತನಕ ಬಂತು. ಎರಡನೆಯ ಕಾರ್ಡು, ಅದರ ಬಣ್ಣ ಕೂಡ.

"ಗೊತ್ತಿಲ್ರಿ," ಎಂದೆ. "ತಪ್ಪು ಬರದೆ."

ಅವರು ಬಹಳ ಹೊತ್ತು ಅಂಗಳದ ಕಡೆ ನೋಡಿದರು. ಬಹಳ ಹೊತ್ತು ಎಂದರೆ ಎಷ್ಟು? ನಾಲ್ಕು ನಲವತ್ತಕ್ಕೆ ಗುಮಾಸ್ತರು ಹೊರಗೆ ಬಂದು, "ಐದಕ್ಕ ಪುಸ್ತಕ ಮುಚ್ತೀನಿ ನೋಡ್ರಿ, ಆಮ್ಯಾಲೆ ನನ್ನ ಅನ್ನಬ್ಯಾಡ್ರಿ" ಎಂದು ಹೋದದ್ದು ನಿಜ. ಅದಕ್ಕಿಂತ ಮೊದಲೋ ಆಮೇಲೋ ಮಾಸ್ತರರು ಹೇಳಿದ್ದು, "ಕಾರ್ಡ್ ಸರಿ ಐತ್ರಿ. ನೀವ ಈಗ ತಪ್ಪಾಕತ್ತೀರಿ."

ಆ ಮಾತನ್ನು ಮಾಸ್ತರರು ಲೆಕ್ಕದ ಬಗ್ಗೆ ಆಡುತ್ತಿಲ್ಲ ಎಂದು ಅಕ್ಕೋರಿಗೆ ನನಗಿಂತ ಮೊದಲು ತಿಳಿಯಿತು. ಅಕ್ಕೋರು ಅಷ್ಟರಲ್ಲಿ ನನ್ನ ಹಾಳೆಯನ್ನು ಎತ್ತಿಕೊಂಡು ಸಾಲು ಸಾಲಾಗಿ ಬೆರಳಿಟ್ಟು ಓದಿದ್ದರು. ಲೆಕ್ಕ ಸರಿ ಇದೆ ಎಂದು ಅವರ ಮುಖದಲ್ಲಿತ್ತು. ಆದರೂ ಹಾಳೆಯನ್ನು ಮಡಚಿ ಬೆಂಚಿನ ಮೇಲಿಟ್ಟರು.

"ಇರ್ಲಿ ಬಿಡ್ರಿ ಮೇಡಂ," ಎಂದರು ಮೆಲ್ಲಗೆ. "ಮಾಸ್ತರ್ರು ಬಿಟ್ಟ ಜಾಗದಾಗ ನಾ ಹೋಗಿ ಕುಂದ್ರೂದು ಚಂದ ಕಾಣಂಗಿಲ್ಲ."

ಅಂದರೆ ಈಗ ಅಡ್ಡ ನಿಂತದ್ದು ಕಾರ್ಡಲ್ಲ. ಅಕ್ಕೋರು ಬಡ್ತಿ ಒಪ್ಪಿಕೊಂಡರೆ ಮಾಸ್ತರರು ಏಪ್ರಿಲ್‌ನಲ್ಲಿ ಬರೆದುಕೊಟ್ಟದ್ದು ಸುಮ್ಮನೆ ಬರೆದುಕೊಟ್ಟಂತೆ, ನಾಳೆ ಬೆಳಗಾದರೆ ಮೂರೂ ತಾಲ್ಲೂಕಿಗೆ ಗೊತ್ತಾಗುವಂತೆ. ಇದಕ್ಕೆ ನನ್ನ ಹತ್ತಿರ ಯಾವ ಲೆಕ್ಕವೂ ಇರಲಿಲ್ಲ. ಗೋಡೆಯ ಗಡಿಯಾರ ಐದಕ್ಕೆ ಹನ್ನೊಂದು ನಿಮಿಷ ತೋರಿಸುತ್ತಿತ್ತು. ಅಕ್ಕೋರು ಮಾಸ್ತರರ ಮುಖವನ್ನೇ ನೋಡುತ್ತಿದ್ದರು.

"ನನ್ನ ಮಾರಿ ಏನ್ ನೋಡ್ತೀರಿ," ಎಂದರು ಮಾಸ್ತರರು. "ಗಡಿಯಾರ ನೋಡ್ರಿ."

ಚೀಲದ ಬಾಯಿ ತೆಗೆದು ಒಲ್ಲೆ ಎಂದು ಬರೆದಿದ್ದ ಪತ್ರ ಹೊರತೆಗೆದರು. ಅಕ್ಕೋರ ಕೈಗೆ ಕೊಡಲಿಲ್ಲ. ಮಡಚಿ ತಮ್ಮ ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಚೀಲದಿಂದ ಒಂದು ಬಿಳಿ ಹಾಳೆ ತೆಗೆದರು. "ಬರೀರಿ. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ.' ವಿಷಯ ಮ್ಯಾಲೆ ಬರೀರಿ ಮೊದ್ಲು. ಗಣಿತದವರಿಗೆ ಒಂದು ಅರ್ಜಿ ಬರಿಯಾಕ ಬರಂಗಿಲ್ಲ."

ಅಕ್ಕೋರು ಬರೆದರು. ಮಾಸ್ತರರು ಹೇಳಿಕೊಟ್ಟರು. ಬಡ್ತಿಯನ್ನು ಸ್ವೀಕರಿಸಲು ಸಮ್ಮತಿ ಇದೆ ಎಂಬ ಸಾಲು ಹೇಳುವಾಗ ಅವರ ದನಿ ಎಲ್ಲಿಯೂ ನಿಲ್ಲಲಿಲ್ಲ. ಇದನ್ನು ನಾನು ಖಾತ್ರಿಯಾಗಿ ಹೇಳಬಲ್ಲೆ, ಏಕೆಂದರೆ ನಿಲ್ಲುತ್ತದೆ ಎಂದು ಕಾಯುತ್ತಿದ್ದೆ.

ಅಕ್ಕೋರು ಒಳಗೆ ಹೋದರು. ಬೆಂಚಿನ ಮೇಲೆ ನಾವಿಬ್ಬರೇ ಉಳಿದೆವು.

"ನಂದೂ ಮಾಡ್ರಿ," ಎಂದು ಫೋನಿನಲ್ಲಿ ತಮ್ಮ ಸಂಬಳದ ಚೀಟಿ ತೆರೆದು ಹಿಡಿದರು.

"ಈಗ ಯಾಕ್ರಿ ಮಾಸ್ತರ್ರ?"

"ಆಕಿ ಹೊರಗ ಬರೋದ್ರಾಗ ಮಾಡ್ರಿ."

ಮಾಡಿದೆ. ಎಪ್ಪತ್ತೈದು ಸಾವಿರ ಕಳೆದು ಹನ್ನೊಂದು ಲಕ್ಷ ತೊಂಬತ್ತೆರಡು ಸಾವಿರ. ಬಡ್ತಿ ಆಗಿದ್ದರೆ ನಲವತ್ತೆಂಟು ಏರಿ ಹನ್ನೆರಡು ಲಕ್ಷ ನಲವತ್ತು ಸಾವಿರ. ತೆರಿಗೆ ನಲವತ್ತು ಸಾವಿರ, ಸೆಸ್ ಸಾವಿರದ ಆರುನೂರು.

"ಆರು ಸಾವಿರದ ನಾಕುನೂರು ಉಳೀತಿತ್ರಿ. ವರ್ಷಕ್ಕ."

"ಇಷ್ಟನಾ?" ಎಂದರು. ಹೆಗಲು ಒಂದಿಷ್ಟು ಸಡಿಲಾಯಿತು. "ಇಷ್ಟ ಹೌದಲ್ರಿ?"

ಇಷ್ಟೇ ಎಂದುಬಿಡಬಹುದಿತ್ತು. "ಅದು ಈ ವರ್ಷದ್ದು," ಎಂದೆ. "ಪಿಂಚಣಿ ಲೆಕ್ಕ—"

"ಪಿಂಚಣಿದು ಹೇಳಬ್ಯಾಡ್ರಿ."

ಹಾಳೆಯ ಮೇಲೆ ಅದಕ್ಕೆ ಜಾಗ ಬಿಟ್ಟಿದ್ದೆ, ಖಾಲಿ ಉಳಿಯಿತು.

ಅಕ್ಕೋರು ಠಸ್ಸೆ ಒತ್ತಿಸಿಕೊಂಡ ಪ್ರತಿ ಹಿಡಿದು ಹೊರಗೆ ಬಂದರು. ನಮ್ಮಿಬ್ಬರಲ್ಲಿ ಯಾರ ಕಡೆ ನೋಡಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತರು. ಮಾಸ್ತರರು ಎದ್ದು ಹೋಗಿ ಆ ಪ್ರತಿಯನ್ನು ಇಸಿದುಕೊಂಡು, ಮೇಲಿನಿಂದ ಕೆಳಗಿನವರೆಗೆ ಒಂದು ಸಾಲೂ ಬಿಡದೆ ಓದಿದರು. ಕೆಳಗೆ ಗುಮಾಸ್ತರು ಕೆಂಪು ಶಾಯಿಯಲ್ಲಿ ಬರೆದದ್ದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಸೋಮವಾರ ಮಸ್ಕ್ಯಾಗ ಹಾಜರಾಗ್ರಿ ಅಂತ ಬರದಾರ," ಎಂದರು. "ಸೋಮವಾರ ನಾ ಬರಂಗಿಲ್ರಿ, ಅಕ್ಕೋರ. ಮಂಗಳವಾರ ಬರ್ತೀನಿ."

ಪ್ರತಿಯನ್ನು ಅವರ ಕೈಗೆ ಕೊಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನ ಕಡೆ ನಡೆದರು.